ಸೂಲಗಿತ್ತಿ, ನರ್ಸಮ್ಮ ಮತ್ತು ಸರ್ಕಾರದ ಪಟ್ಟಿ

ಹೋದ ಬೇಸಿಗೆಯಲ್ಲಿ ನಮ್ಮ ವಾಚನಾಲಯಕ್ಕೆ ಒಬ್ಬ ಹುಡುಗಿ ಅರ್ಜಿ ತುಂಬಿಸಿಕೊಳ್ಳಲು ಬಂದಿದ್ದಳು. ಏಎನ್‌ಎಂ ಓದಿ ಮುಗಿಸಿದವಳು. ಅರ್ಜಿ ನೋಡುತ್ತಾ ಕೇಳಿದಳು: "ಮೇಷ್ಟ್ರೇ, ಇದ್ರಲ್ಲಿ ನರ್ಸ್ ಅನ್ನೋದು ಬೇರೆ, ಏಎನ್‌ಎಂ ಅನ್ನೋದು ಬೇರೆ ಇದೆ. ಊರಲ್ಲೆಲ್ಲ ನನ್ನ ನರ್ಸಮ್ಮ ಅಂತಾರೆ. ಹಾಗಾದ್ರೆ ನಾನು ನರ್ಸ್ ಅಲ್ವಾ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಮಡಕಶಿರಾ ಸೀಮೆಯಲ್ಲಿ ಹಿಂದೆ ಹೆರಿಗೆ ಎಂದರೆ ಸೂಲಗಿತ್ತಿ. ಪಕ್ಕದ ತೆಲುಗು ಮನೆಯವರು ಮಂತ್ರಸಾನಿ ಅನ್ನುತ್ತಿದ್ದರು. ಹೆಸರು ಎರಡು, ಕೈ ಒಂದೇ. ಅವಳ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನೂ ಅಂಥ ಕೈಯಲ್ಲೇ ಹುಟ್ಟಿದವನು.

ಆಗ ನಾವು ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಯವರು. 1926ರಲ್ಲಿ ಮದ್ರಾಸ್ ಸರ್ಕಾರ ನರ್ಸ್ ಮತ್ತು ಮಿಡ್‌ವೈಫ್‌ಗಳ ಕಾನೂನು ತಂದಿತು. ತರಬೇತಿ ಪಡೆದವರ ಹೆಸರು ಪಟ್ಟಿಗೆ ಸೇರತೊಡಗಿತು. ರೋಗಿಯ ಆರೈಕೆ ಒಂದು ವಿದ್ಯೆ, ಹೆರಿಗೆ ಇನ್ನೊಂದು ವಿದ್ಯೆ ಎಂಬ ಲೆಕ್ಕ ಅದು. ಅದಕ್ಕೇ ಎರಡನ್ನೂ ಕಲಿತವರ ಹೆಸರಿನ ಮುಂದೆ ಇವತ್ತಿಗೂ ನರ್ಸ್, ಮಿಡ್‌ವೈಫ್ ಎಂದು ಎರಡೂ ಬರುತ್ತದೆ.

ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಅಳತೆ ಇದ್ದರೆ ಆಗದು ಎಂದು 1947ರ ಡಿಸೆಂಬರ್ 31ರಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾನೂನು ಬಂತು. ಯಾವ ಓದಿಗೆ ಮಾನ್ಯತೆ ಎಂಬುದನ್ನು ಇಡೀ ದೇಶಕ್ಕೆ ಒಂದೇ ಕಡೆ ನಿರ್ಧರಿಸುವುದು ಅದರ ಉದ್ದೇಶ. ಆದರೆ ಹೆಸರು ಬರೆದುಕೊಳ್ಳುವ ಕೆಲಸ ರಾಜ್ಯಗಳ ಕೈಯಲ್ಲೇ ಉಳಿಯಿತು.

ಹಳ್ಳಿಗಳು ಲಕ್ಷಗಟ್ಟಲೆ, ಪೂರ್ಣ ತರಬೇತಿಯ ನರ್ಸ್‌ಗಳು ಬೆರಳೆಣಿಕೆ. ಅದಕ್ಕಾಗಿ 1950ರ ದಶಕದಲ್ಲಿ ಎರಡು ವರ್ಷದ ಏಎನ್‌ಎಂ ಓದು ಶುರುವಾಯಿತು. ಮೇಲ್ವಿಚಾರಣೆಗೆ ಹೆಲ್ತ್ ವಿಸಿಟರ್ ಇದ್ದರು. ಹೊಸ ವರ್ಗಗಳು ಬಂದ ಹಾಗೆ ನಮ್ಮ ಆಂಧ್ರದ ಕಾನೂನಿನ ಹೆಸರೇ ಉದ್ದವಾಯಿತು: ನರ್ಸ್, ಮಿಡ್‌ವೈಫ್, ಆಕ್ಸಿಲಿಯರಿ ನರ್ಸ್-ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್ ಕಾನೂನು. ಇಸವಿ ಮಾತ್ರ ಅದೇ 1926.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಏಎನ್‌ಎಂಗಳನ್ನು ಮಹಿಳಾ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಬೇಕೆಂದಿತು. 1977ರಲ್ಲಿ ಓದು ಹದಿನೆಂಟು ತಿಂಗಳಿಗೆ ಇಳಿಯಿತು. ಹೆರಿಗೆಯ ಜೊತೆಗೆ ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ದಾಖಲೆ ಪುಸ್ತಕ ಎಲ್ಲವೂ ಅವರ ತಲೆಗೆ ಬಂತು. ಕೆಲಸ ಬೆಳೆಯಿತು, ಓದಿನ ಕಾಲ ಕುಗ್ಗಿತು. ಆ ಹುಡುಗಿಯ ಪ್ರಶ್ನೆಯ ಬೇರು ಇಲ್ಲೇ ಇದೆ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ನಮ್ಮ ಮಕ್ಕಳು ಕನ್ನಡ ಬಲ್ಲವರು, ತುಮಕೂರು, ಬೆಂಗಳೂರಿಗೆ ಓದಲು ಹೋಗುತ್ತಾರೆ. ಅಲ್ಲಿ ಕರ್ನಾಟಕದ 1961ರ ಕಾನೂನಿನ ಪ್ರಕಾರ ಹೆಸರು ನೋಂದಣಿ. ತಿರುಗಿ ಬಂದು ಊರಿನ ಹತ್ತಿರ ಕೆಲಸ ಮಾಡಬೇಕೆಂದರೆ ಆಂಧ್ರದ ಕೌನ್ಸಿಲ್‌ನಲ್ಲಿ ಮತ್ತೆ ನೋಂದಣಿ. ರೋಗಕ್ಕೆ ಗಡಿ ಇಲ್ಲ, ಕಾಗದಕ್ಕೆ ಇದೆ.

ಈಗ 1947ರ ಕಾನೂನಿನ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾನೂನು ಮಾಡಿದೆ. ಅದು ವೃತ್ತಿಪರರು, ಸಹ ವೃತ್ತಿಪರರು ಎಂದು ಎರಡು ಮೆಟ್ಟಿಲು ಹೇಳುತ್ತದೆ. ಮಿಡ್‌ವೈಫರಿಗೆ ನರ್ಸಿಂಗ್ ಜೊತೆ ಸಮನಾಗಿ ಹೆಸರಿನಲ್ಲೇ ಜಾಗ ಕೊಟ್ಟಿದೆ.

ನಮ್ಮ ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಓದು ಬರಹ ಬಾರದ ಆ ತಾಯಿಯ ಕೈಯಲ್ಲಿ 15,000ಕ್ಕೂ ಹೆಚ್ಚು ಮಕ್ಕಳು ಹುಟ್ಟಿದವೆಂದು ಹೇಳುತ್ತಾರೆ. ಪಟ್ಟಿಯೇ ಸರ್ವಸ್ವವಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ. ಹಾಗಂತ ಪಟ್ಟಿ ಬೇಡವೆನ್ನಲಾರೆ. ತಪ್ಪಾದಾಗ ಕೇಳುವುದಕ್ಕೆ, ಸಂಬಳಕ್ಕೆ, ಬಡ್ತಿಗೆ ಅದೇ ಆಧಾರ.

ಆ ಹುಡುಗಿ ಮತ್ತೆ ಬಂದಾಗ ಹೇಳಿದೆ: "ಏಎನ್‌ಎಂ ಅಂತಲೇ ಬರಿಯಮ್ಮ. ಅದು ಕಡಿಮೆ ಹೆಸರಲ್ಲ. ಮುಂದೆ ಓದಿದ್ರೆ ಆ ಇನ್ನೊಂದು ಹೆಸರೂ ನಿನ್ನದೇ." ಅವಳು ನಕ್ಕು ಸಹಿ ಹಾಕಿದಳು.