ಕಡಲಿನ ಮೇರೆ



ನಮ್ಮ ಹಳೆಯ ಕವಿಗಳಿಗೆ ಕಡಲೆಂದರೆ ಮೇರೆ ಮೀರದುದು. ಅರಸನ ಘನತೆಯನ್ನಾಗಲಿ ಸಜ್ಜನರ ಸಂಯಮವನ್ನಾಗಲಿ ಬಣ್ಣಿಸಬೇಕಾದಾಗ ಅವರು ನೆನೆದುದು ಸಮುದ್ರವನ್ನೇ. ಅದು ಮೇರೆ ಮೀರಿತೆಂದರೆ ಪ್ರಳಯ ಬಂದಿತೆಂದೇ ಅರ್ಥ. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಈ ಉಪಮೆಯನ್ನು ವಿವರಿಸಿದವನು ನಾನು. ಆ ಮೇರೆಯನ್ನು ಅಳೆದವರು ಯಾರು, ಹೇಗೆ ಅಳೆದರು ಎಂಬ ಪ್ರಶ್ನೆ ಹುಟ್ಟಿದ್ದು ಮಾತ್ರ ನಿವೃತ್ತನಾಗಿ ಮಲ್ಲಂದೂರಿಗೆ ಮರಳಿದ ಮೇಲೆ.

ಬೆಟ್ಟದವನಿಗೆ ಕಡಲಿನ ಚಿಂತೆ ಏಕೆ ಎನ್ನುವಿರೇನೋ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು ಎಂದು ನಮ್ಮ ಸೀಮೆಯ ಶಾಲಾ ಮಕ್ಕಳೂ ಹೇಳುತ್ತಾರೆ. ಎಲ್ಲಿಂದ 1,930? ಸಮುದ್ರಮಟ್ಟದಿಂದ. ಆದರೆ ದಿನಕ್ಕೆರಡು ಬಾರಿ ಉಬ್ಬಿ ಎರಡು ಬಾರಿ ಇಳಿಯುವ ನೀರಿಗೆ ಮಟ್ಟವೆಂಬುದು ಎಲ್ಲಿಯದು? ಅದನ್ನು ಯಾರೋ ಹಗಲಿರುಳು ನೋಡಿ, ಬರೆದು, ಸರಾಸರಿ ತೆಗೆದು ಗೊತ್ತುಮಾಡಲೇಬೇಕು. ನಮ್ಮ ಬೆಟ್ಟದ ಬುಡ ಹೀಗೆ ಕಡಲತಡಿಯ ಒಂದು ಲೆಕ್ಕದ ಪುಸ್ತಕದಲ್ಲಿದೆ.

ಭಾರತದಲ್ಲಿ ಈ ಲೆಕ್ಕ ಕ್ರಮಬದ್ಧವಾದದ್ದು 1870ರ ದಶಕದಲ್ಲಿ. ನೆಲ ಕಡಲಿನೆದುರು ಏರುತ್ತಿದೆಯೋ ಕುಸಿಯುತ್ತಿದೆಯೋ ಎಂದು ತಿಳಿಯಲು ಸರ್ವೆ ಇಲಾಖೆಯ ಎ. ಡಬ್ಲ್ಯು. ಬೇರ್ಡ್ ಎಂಬ ಅಧಿಕಾರಿ ಕಚ್ಛದ ಕೊಲ್ಲಿಯಲ್ಲಿ ಮಾಪಕಗಳನ್ನು ನಿಲ್ಲಿಸಿದನು. ಉಪಕರಣ ಬಲು ಸರಳ. ದಡದಲ್ಲೊಂದು ಕೊಳವೆಬಾವಿಯಂತಹ ರಚನೆ. ಅದರ ತಳದ ಸಣ್ಣ ರಂಧ್ರದಿಂದ ಕಡಲ ನೀರು ಒಳಬರುತ್ತದೆ. ರಂಧ್ರ ಸಣ್ಣದಾದ್ದರಿಂದ ಅಲೆಗಳ ಅಬ್ಬರ ಹೊರಗೇ ಉಳಿದು, ಉಬ್ಬರವಿಳಿತಗಳ ನಿಧಾನಗತಿ ಮಾತ್ರ ಒಳಗೆ ಕಾಣುತ್ತದೆ. ನೀರಿನ ಮೇಲಿನ ತೇಲುಬುಂಡೆಗೆ ತಂತಿ ಕಟ್ಟಿರುತ್ತದೆ. ಬುಂಡೆ ಏರಿಳಿದಂತೆಲ್ಲ, ಗಡಿಯಾರದ ಯಂತ್ರದಿಂದ ತಿರುಗುವ ಉರುಳೆಯ ಕಾಗದದ ಮೇಲೆ ಪೆನ್ಸಿಲು ಗೆರೆ ಎಳೆಯುತ್ತದೆ. ಸಮೀಪದ ಗಟ್ಟಿನೆಲದಲ್ಲಿ ಒಂದು ಗುರುತಿನ ಕಲ್ಲನ್ನು ನೆಟ್ಟು, ಮಾಪಕದ ಸೊನ್ನೆಯನ್ನು ಅದರೊಡನೆ ಆಗಾಗ ತಾಳೆ ನೋಡಬೇಕು. ಹಾಗೆ ನೋಡದಿದ್ದರೆ, ಮಾಪಕ ನಿಂತ ಕಟ್ಟೆಯೇ ಕುಸಿದಾಗ ಕಡಲು ಏರಿತೆಂಬ ಸುಳ್ಳುಸುದ್ದಿ ಬಂದೀತು!

1909ರಲ್ಲಿ ದೇಶದ ಎತ್ತರಗಳಿಗೆಲ್ಲ ಆಧಾರವಾಗಿ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದರು. ಕರಾಚಿ, ಮುಂಬಯಿ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಇವುಗಳೊಡನೆ ನಮ್ಮ ಕಾರವಾರವೂ ಇದ್ದಿತು. ಆದರೆ ಕಾರವಾರದ ಆ ಮೊದಲ ವೀಕ್ಷಣೆ ಕೆಲವೇ ವರ್ಷಗಳಲ್ಲಿ ನಿಂತುಹೋಗಿದ್ದಿತು. 1878ರಲ್ಲಿ ಮೊದಲಾದ ಮುಂಬಯಿಯ ದಾಖಲೆ ಮುಂದುವರಿದು, ಹಿಂದೂ ಮಹಾಸಾಗರದ ಅತಿ ದೀರ್ಘ ದಾಖಲೆಗಳಲ್ಲಿ ಒಂದೆನಿಸಿತು. ಸೊನ್ನೆಯನ್ನು ಗೊತ್ತುಮಾಡುವುದಕ್ಕೆ ಕಾರವಾರದ ಆ ಕೆಲವು ವರ್ಷಗಳು ಸಾಕಾದವು. ಸೊನ್ನೆಯೇ ಸರಿಯುತ್ತಿದೆಯೇ ಎಂದು ಕೇಳಿದಾಗ ಉತ್ತರ ಹೇಳಬಲ್ಲದ್ದು ಮುಂಬಯಿಯಂತಹ ದೀರ್ಘ ದಾಖಲೆಯೇ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿದ್ವಾಂಸರು ಹಿಂದೂ ಮಹಾಸಾಗರದ ಉತ್ತರ ತೀರಗಳಲ್ಲಿ ನಲವತ್ತು ವರ್ಷಕ್ಕೂ ಮಿಕ್ಕ ದಾಖಲೆಗಳನ್ನಷ್ಟೇ ಆಯ್ದು, 2007ರಲ್ಲಿ ಕಂಡುಕೊಂಡ ಸರಾಸರಿ ಏರಿಕೆ ವರ್ಷಕ್ಕೆ 1.29 ಮಿಲಿಮೀಟರು. ನೂರು ವರ್ಷಕ್ಕೆ ಅದು ಒಂದು ಚೋಟಿಗೂ ತುಸು ಕಡಿಮೆ. ಆದರೆ ವೇಗ ಹೆಚ್ಚುತ್ತಿದೆ. 2006ರಿಂದ 2018ರವರೆಗೆ ಜಗತ್ತಿನ ಕಡಲುಗಳ ಸರಾಸರಿ ಏರಿಕೆ ವರ್ಷಕ್ಕೆ 3.7 ಮಿಲಿಮೀಟರಾಗಿದ್ದಿತು.

ಇಲ್ಲಿ ನನ್ನ ಬಾಲ್ಯದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಮಳೆಯ ರಿಜಿಸ್ಟರು ಇಡುವ ರೂಢಿಯುಂಟು. ಅಪ್ಪಯ್ಯ ದಿನವೂ ಬೆಳಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆಯುತ್ತಿದ್ದರು. ಒಂದು ಆಷಾಢದಲ್ಲಿ ಅವರು ಊರಿಲ್ಲದಾಗ ಆ ಕೆಲಸ ನನಗೆ ಬಂದಿತು. ಜಡಿಮಳೆ, ಕಂಬಳಿಯ ಬೆಚ್ಚಗು ಬಿಡಲಾರದೆ ನಾಲ್ಕು ದಿನ ಅಂದಾಜಿನಲ್ಲೇ ಅಂಕಿ ತುಂಬಿದೆ. ಮರಳಿ ಬಂದವರು ಪುಟ ನೋಡಿದರು; ನನ್ನ ಮುಖ ನೋಡಿದರು. ಆ ನಾಲ್ಕು ಅಂಕಿಗಳನ್ನೂ ಗೀಟು ಹಾಕಿ ಹೊಡೆದು, “ಖಾಲಿ ಬಿಡಬಹುದಿತ್ತು ಮಗಾ, ಖಾಲಿ ಸುಳ್ಳು ಹೇಳೋದಿಲ್ಲ” ಎಂದರಷ್ಟೆ. ಆ ರಿಜಿಸ್ಟರು ಇಂದಿಗೂ ನನ್ನ ಮೇಜಿನ ಮೇಲಿದೆ. ನನ್ನ ನಾಲ್ಕು ಗೀಟುಗಳೂ ಅದರಲ್ಲಿವೆ.

ಈ ಮಾತನ್ನು ಮಂಗಳೂರಿಗೆ ಅನ್ವಯಿಸಿ ನೋಡೋಣ. ಒಂದು ಕಾಲದಲ್ಲಿ ನಮ್ಮ ಕಾಫಿ ಘಟ್ಟವಿಳಿದು ಹೋಗುತ್ತಿದ್ದದ್ದು ಆ ಊರಿಗೆ. ಕುದುರೆಮುಖದ ಮಲೆಯ ಮಳೆಯನ್ನು ಹೊತ್ತ ನೇತ್ರಾವತಿ ಕಡಲು ಸೇರುವುದೂ ಅಲ್ಲಿಯೇ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿದ್ದಾರೆ. ತೀರಕ್ಕೆ ಬಂಡೆಗಳನ್ನು ಒಡ್ಡಿದ್ದೂ ಆಯಿತು. 2010ರ ತರುವಾಯ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯೂ ಬಂದಿತು. ಕೊರೆತವೆಲ್ಲ ಕಡಲೇರಿಕೆಯ ಫಲವೆನ್ನಲಾಗದು. ಮರಳಿನ ಚಲನೆ, ಅಳಿವೆಯ ತಡೆಗೋಡೆ, ಮುಂಗಾರಿನ ಅಲೆ ಎಲ್ಲಕ್ಕೂ ಅದರಲ್ಲಿ ಪಾಲುಂಟು. ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಲು ಅಳತೆ ಬೇಕು.

ಅಲ್ಲದೆ ಕಡಲು ಅವಸರಗಾರರನ್ನು ಸುಲಭವಾಗಿ ವಂಚಿಸುತ್ತದೆ. ಮುಂಗಾರಿನ ಅಲೆಗಳನ್ನು ಕಂಡವರು ಆಗಲೇ ಕಡಲು ಅತಿ ಎತ್ತರವೆಂದುಕೊಳ್ಳುತ್ತಾರೆ. ನಮ್ಮ ಪಶ್ಚಿಮ ತೀರದಲ್ಲಿ ಸರಾಸರಿ ಮಟ್ಟ ಮಳೆಗಾಲದ ಕೊನೆಗೆ ತಗ್ಗಿ, ಚಳಿಗಾಲದಲ್ಲಿ ಏರುತ್ತದೆ. ಚಂದ್ರನ ಕಕ್ಷೆಯ ಓಲಾಟದಿಂದ ಉಬ್ಬರಗಳು ಹಿಗ್ಗಿ ಕುಗ್ಗುವ ಆವರ್ತವೊಂದಕ್ಕೇ 18.6 ವರ್ಷ ಬೇಕು. ಹತ್ತು ವರ್ಷದ ದಾಖಲೆಯನ್ನು ನಂಬಿ ಗೋಡೆ ಕಟ್ಟಿದವನು ಚಂದ್ರನ ಒಂದು ಸುತ್ತನ್ನೂ ಪೂರ್ತಿ ಕಂಡಿರುವುದಿಲ್ಲ. ನವಮಂಗಳೂರು ಪ್ರಮುಖ ಬಂದರೆಂದು ಘೋಷಿತವಾದದ್ದು 1974ರಲ್ಲಿ. ಅಲ್ಲಿಯ ಮಾಪಕದ ದಾಖಲೆಗೆ ಮುಂಬಯಿಯ ದಾಖಲೆಯ ಅರ್ಧದಷ್ಟೂ ವಯಸ್ಸಾಗಿಲ್ಲ.

ನಗರದ ಅನೇಕ ನಿರ್ಣಯಗಳು ನಿಂತಿರುವುದು ಈ ಗೆರೆಯ ಮೇಲೆಯೇ. ಚರಂಡಿಯ ಬಾಯಿ ಎಷ್ಟು ಎತ್ತರದಲ್ಲಿರಬೇಕು? ಉಬ್ಬರದ ಹೊತ್ತಿಗೆ ಜಡಿಮಳೆ ಸುರಿದರೆ ಊರಿನ ನೀರು ಎತ್ತ ಹರಿಯಬೇಕು? ಬೇಸಗೆಯಲ್ಲಿ ನದಿಯೊಳಗೆ ಉಪ್ಪುನೀರು ಎಲ್ಲಿಯವರೆಗೆ ನುಗ್ಗೀತು? ಮನೆಯ ತಳಪಾಯ ಎಲ್ಲಿರಬೇಕು? 1991ರಲ್ಲಿ ಬಂದು, 2011 ಮತ್ತು 2019ರಲ್ಲಿ ಬದಲಾದ ಕರಾವಳಿ ನಿಯಂತ್ರಣ ವಲಯದ ಕಾನೂನು ಕೂಡ ಕಟ್ಟಡದ ದೂರವನ್ನು ಎಣಿಸುವುದು ಉಬ್ಬರದ ಗೆರೆಯಿಂದಲೇ. ಗೆರೆ ಸರಿದರೆ ಕಾನೂನೂ ಮನೆಯೂ ಅದರೊಡನೆ ಸರಿಯಬೇಕಾಗುತ್ತದೆ. ಮೊದಲು ಸರಿಯಬೇಕಾದವರು ದಡದ ಮೀನುಗಾರರು.

2004ರ ಸುನಾಮಿಯ ತರುವಾಯ ನಮ್ಮ ತೀರಗಳ ಮಾಪಕಗಳು ಆಧುನಿಕವಾಗಿವೆ. ಪೆನ್ಸಿಲಿನ ಬದಲು ರೇಡಾರು ನೀರನ್ನು ನೋಡುತ್ತದೆ. ಆದರೂ ಗುರುತಿನ ಕಲ್ಲನ್ನು ಕಾಯುವವನು, ಕೆಟ್ಟ ಉಪಕರಣವನ್ನು ಅಂದೇ ಸರಿಪಡಿಸುವವನು, ಇಲ್ಲದ ಅಂಕಿಯನ್ನು ಇಲ್ಲವೆಂದೇ ಬರೆಯುವವನು ಇಂದಿಗೂ ಬೇಕು. ಗೋಡೆ ಕಟ್ಟಿದವರ ಹೆಸರು ಫಲಕದಲ್ಲಿ ಉಳಿಯುತ್ತದೆ. ಅಂಕಿ ಬರೆದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಆದರೆ ಗೋಡೆಯ ಎತ್ತರವನ್ನು ಹೇಳಬಲ್ಲವನು ಅವನೇ. ಕಡಲು ಮೇರೆ ಮೀರದೆಂದು ನಂಬಿದ್ದ ಕವಿಗಳ ಕಾಲ ಕಳೆಯಿತು. ಮೇರೆ ಎಲ್ಲಿಯವರೆಗೆ ಸರಿದಿದೆ ಎಂದು ದಿನವೂ ಬರೆದಿಡುವ ಹೊಣೆ ಈಗ ನಮ್ಮದಾಗಿದೆ.