ಎರಡನೇ ಪರದೆಯ ನಾಲ್ಕು ದಶಕ

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಕೊಳ್ಳುವವರ ಮುಂದೆ ಎರಡು ಡಿಸ್‌ಪ್ಲೇ ಕಾರ್ಡ್‌ಗಳಿದ್ದವು. ಎಂಡಿಎ ಎಂಬುದು ಅಕ್ಷರಗಳನ್ನಷ್ಟೇ ತೋರಿಸುವ ಏಕವರ್ಣದ ಕಾರ್ಡ್. ಸಿಜಿಎ ಬಣ್ಣ ಮತ್ತು ಚಿತ್ರಗಳದ್ದು. ಇವೆರಡೂ ಮೆಮೊರಿಯ ಬೇರೆ ಬೇರೆ ವಿಳಾಸಗಳನ್ನು ಬಳಸುತ್ತಿದ್ದುದರಿಂದ ಒಂದೇ ಯಂತ್ರದಲ್ಲಿ ತಕರಾರಿಲ್ಲದೆ ಇರಬಲ್ಲವಾಗಿದ್ದವು. ಲೋಟಸ್ 1-2-3 ಬಳಸುವ ಲೆಕ್ಕಿಗರು ಹಸಿರು ಪರದೆಯಲ್ಲಿ ಅಂಕಿಗಳನ್ನೂ ಪಕ್ಕದ ಬಣ್ಣದ ಪರದೆಯಲ್ಲಿ ಅವುಗಳ ಗ್ರಾಫನ್ನೂ ಒಟ್ಟಿಗೆ ನೋಡುತ್ತಿದ್ದರು. ಪ್ರೋಗ್ರಾಮರ್‌ಗಳಿಗಂತೂ ಇದು ವರವಾಯಿತು. ಪ್ರೋಗ್ರಾಂ ಒಂದು ಪರದೆಯಲ್ಲಿ ಓಡುತ್ತಿದ್ದರೆ, ಅದರ ತಪ್ಪು ಹುಡುಕುವ ಡಿಬಗ್ಗರ್ ಇನ್ನೊಂದರಲ್ಲಿ ಕೂತಿರುತ್ತಿತ್ತು.

ಆದರೆ ಅವು ಎರಡು ಪ್ರತ್ಯೇಕ ಪರದೆಗಳೇ ಆಗಿದ್ದವು. ಒಂದರಿಂದ ಇನ್ನೊಂದಕ್ಕೆ ಮೌಸ್ ದಾಟುವ ಮಾತೇ ಇರಲಿಲ್ಲ.

ಆ ಗಡಿ ಅಳಿಸಿದ್ದು 1987ರ ಮ್ಯಾಕಿಂಟೋಷ್ 2. ಅದರ ಆರು ಸ್ಲಾಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ವಿಡಿಯೋ ಕಾರ್ಡ್ ಕೂರಿಸಿದರೆ ಎಲ್ಲ ಮಾನಿಟರ್‌ಗಳೂ ಸೇರಿ ಒಂದೇ ಅಖಂಡ ಡೆಸ್ಕ್‌ಟಾಪ್ ಆಗುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪುಟ್ಟ ಮಾನಿಟರ್ ಚಿತ್ರಗಳನ್ನು ಎಳೆದು, ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂದು ಜೋಡಿಸಿದರೆ ಮುಗಿಯಿತು. ಇಂದಿನ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 1, 2 ಎಂದು ಬರೆದ ಚೌಕಗಳನ್ನು ಎಳೆದಾಡುವುದೂ ಅದೇ ಕ್ರಮ. ಮೌಸ್ ತಪ್ಪು ಅಂಚಿನಿಂದ ದಾಟುತ್ತಿದೆ ಎನ್ನುವವರಿಗೆ ಪರಿಹಾರವೂ ಅಲ್ಲೇ ಇದೆ. ಮೇಜಿನ ಮೇಲೆ ಮಾನಿಟರ್‌ಗಳು ಇರುವ ಕ್ರಮದಲ್ಲೇ ಚೌಕಗಳನ್ನೂ ಇಡಬೇಕು.

ಮೈಕ್ರೋಸಾಫ್ಟ್ ಈ ಸೌಲಭ್ಯವನ್ನು ಮನೆ ಬಳಕೆದಾರರಿಗೆ ತಲುಪಿಸಿದ್ದು ವಿಂಡೋಸ್ 98ರಲ್ಲಿ, ಒಮ್ಮೆಗೇ 9 ಮಾನಿಟರ್‌ಗಳವರೆಗೆ. ಆಗ ಪ್ರತಿ ಮಾನಿಟರ್‌ಗೂ ಸಾಮಾನ್ಯವಾಗಿ ಒಂದು ಕಾರ್ಡ್ ಬೇಕಿತ್ತು. ಹೊಸ ಎಜಿಪಿ ಕಾರ್ಡ್ ಇದ್ದರೂ, ಪಿಸಿಐ ಸ್ಲಾಟ್‌ನ ಹಳೆಯ ಕಾರ್ಡನ್ನೇ ಮುಖ್ಯವೆಂದು ಹಿಡಿದುಬಿಡುವ ಮದರ್‌ಬೋರ್ಡ್‌ಗಳಿದ್ದವು. ಬಯಾಸ್ ಮೆನುವಿಗೆ ಹೋಗಿ ಯಾವುದು ಮೊದಲು ಶುರುವಾಗಬೇಕೆಂದು ಹೇಳಿದರೇ ಅದು ಸರಿಹೋಗುತ್ತಿದ್ದುದು. 1999ರಲ್ಲಿ ಕೆನಡಾದ ಮ್ಯಾಟ್ರಾಕ್ಸ್ ಕಂಪನಿಯ ಜಿ400 ಒಂದೇ ಕಾರ್ಡಿನಿಂದ ಎರಡು ಪರದೆಗಳನ್ನು ನಡೆಸಿ ತೋರಿಸಿದ ಮೇಲೆ ಈ ರಗಳೆ ಕಡಿಮೆಯಾಯಿತು. ಲಿನಕ್ಸ್ ಬಳಕೆದಾರರು ಇನ್ನಷ್ಟು ಕಾಲ ಕಾಯಬೇಕಾಯಿತು. ಕಾನ್ಫಿಗರೇಷನ್ ಫೈಲಿನಲ್ಲಿ ಮಾನಿಟರ್‌ನ ಆವರ್ತನಗಳನ್ನು ಕೈಯಾರೆ ಬರೆಯುವುದು ರೂಢಿಯಾಗಿತ್ತು, ತಪ್ಪು ಅಂಕಿ ಕೊಟ್ಟರೆ ಮಾನಿಟರ್ರೇ ಕೆಡಬಹುದೆಂಬ ಎಚ್ಚರಿಕೆಯೂ ಜೊತೆಗಿರುತ್ತಿತ್ತು. 2007ರಲ್ಲಿ ಬಂದ ಎಕ್ಸ್‌ರ್‍ಯಾಂಡರ್ 1.2 ಎಂಬ ತಂತ್ರಾಂಶ, ಯಂತ್ರ ಓಡುತ್ತಿರುವಾಗಲೇ ಪರದೆ ಸೇರಿಸಲು, ತೆಗೆಯಲು ಅವಕಾಶ ಕೊಟ್ಟಿತು.

ಇಷ್ಟೂ ಸರಾಗವಾಗಲು ಕಾರಣ ತೆರೆಮರೆಯಲ್ಲಿರುವ 128 ಬೈಟ್‌ಗಳ ಒಂದು ತುಣುಕು. 1994ರಲ್ಲಿ ವೆಸಾ ಸಂಸ್ಥೆ ರೂಪಿಸಿದ ಇದರ ಹೆಸರು ಇಡಿಐಡಿ. ಮಾನಿಟರ್ ಕಂಪ್ಯೂಟರಿಗೆ ಕೊಡುವ ಪರಿಚಯ ಚೀಟಿ ಎನ್ನಬಹುದು. ತಯಾರಕರ ಮೂರಕ್ಷರದ ಸಂಕೇತ, ಪರದೆಯ ಅಗಲ-ಎತ್ತರ ಸೆಂಟಿಮೀಟರ್‌ಗಳಲ್ಲಿ, ಅದು ತಾಳಬಲ್ಲ ರೆಸಲ್ಯೂಷನ್‌ಗಳು ಎಲ್ಲವೂ ಅದರಲ್ಲಿರುತ್ತವೆ. ಕೊನೆಯ ಬೈಟ್ ತಾಳೆ ನೋಡಲು: 128 ಬೈಟ್‌ಗಳನ್ನು ಕೂಡಿದ ಮೊತ್ತವನ್ನು 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು.

ವಿಜಿಎ ಕೇಬಲ್‌ನಲ್ಲಿ ಈ ಮಾಹಿತಿ ಹರಿಯುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಅಗ್ಗದ ಕೇಬಲ್‌ನಲ್ಲಿ ಆ ತಂತಿಗಳು ಇಲ್ಲದಿದ್ದರೆ ಅಥವಾ ತುಂಡಾಗಿದ್ದರೆ ಚಿತ್ರ ಬರುತ್ತದೆ, ಆದರೆ ಎದುರಿಗೆ ಯಾವ ಪರದೆಯಿದೆ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಆಗ ಅದು 1024×768ರಂಥ ಸುರಕ್ಷಿತ ಅಳತೆಗೆ ಇಳಿಯುತ್ತದೆ. ಕಾಲೇಜುಗಳ ಸೆಮಿನಾರ್ ಹಾಲ್‌ನಲ್ಲಿ ಗೋಡೆಯೊಳಗೆ ಎಳೆದ ಹಳೆಯ ಕೇಬಲ್‌ಗಳ ಕಥೆ ಎಷ್ಟೋ ಸಲ ಇದೇ. ಪ್ರೊಜೆಕ್ಟರ್ ಚಿತ್ರದಿಂದ ಕೆಂಪು ಮಾಯವಾಗಿ ಎಲ್ಲವೂ ನೀಲಿ-ಹಸಿರಾಗಿ ಕಂಡರೆ ಮಾತ್ರ ಪರೀಕ್ಷಿಸಬೇಕಾದ್ದು 1ನೇ ಪಿನ್. ಕೆಂಪು ಸಂಕೇತ ಬರುವುದು ಅದರಲ್ಲಿ; ಅದು ಬಗ್ಗಿರುವ ಸಾಧ್ಯತೆ ಹೆಚ್ಚು.

1999ರ ಡಿವಿಐ, 2002ರ ಎಚ್‌ಡಿಎಂಐ, 2006ರ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಡಿಜಿಟಲ್ ಮಾಡಿದವು. ವಿಜಿಎಯನ್ನು 2015ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್, ಎಎಂಡಿ ಮತ್ತು ಕೆಲವು ತಯಾರಕರು 2010ರ ಡಿಸೆಂಬರ್‌ನಲ್ಲಿ ಘೋಷಿಸಿದರು. ಹೊಸ ಲ್ಯಾಪ್‌ಟಾಪಿಗೂ ಹಳೆಯ ಪ್ರೊಜೆಕ್ಟರಿಗೂ ನಡುವೆ ಅಡಾಪ್ಟರ್ ನುಸುಳಿದ್ದು ಆಗಲೇ. ಎಚ್‌ಡಿಎಂಐಯಿಂದ ವಿಜಿಎಗೆ ಬರೀ ತಂತಿ ಜೋಡಿಸಿದರೆ ಸಾಲದು. ಡಿಜಿಟಲನ್ನು ಅನಲಾಗ್ ಮಾಡುವ ಚಿಪ್ ಒಳಗಿರಬೇಕು. ಚಿಪ್ ಇಲ್ಲದ ಕೇಬಲ್ ಎಷ್ಟು ಸಲ ಕಿತ್ತು ಚುಚ್ಚಿದರೂ ಪರದೆ ಕಪ್ಪಾಗಿಯೇ ಇರುತ್ತದೆ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಬೇರೆಯದೇ ತೊಂದರೆ. ಹಳೆಯ ಪ್ರಸಾರದ ಪದ್ಧತಿಯಂತೆ ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚುಗಳನ್ನು ಕತ್ತರಿಸುತ್ತದೆ, ಟಾಸ್ಕ್‌ಬಾರ್ ಅರ್ಧ ಕಾಣೆಯಾಗುತ್ತದೆ. ಇದನ್ನು ಸರಿಪಡಿಸುವ ಆಯ್ಕೆ ಸಾಮಾನ್ಯವಾಗಿ ಟಿವಿಯ ಚಿತ್ರ ಮೆನುವಿನಲ್ಲೇ ಇರುತ್ತದೆ.

4ಕೆ ಬಂದ ಮೇಲೆ ಲೆಕ್ಕ ಬಿಗಿಯಾಯಿತು. 1920×1080 ಪರದೆಯನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಲು ಸುಮಾರು 3 ಗಿಗಾಬಿಟ್ ಬೇಕು. 4ಕೆಗೆ ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 12. 2009ರ ಎಚ್‌ಡಿಎಂಐ 1.4ರ ಗರಿಷ್ಠ ಸಾಮರ್ಥ್ಯವೇ 10.2. ಹಾಗಾಗಿ ಆ ಪೋರ್ಟ್‌ನಲ್ಲಿ 4ಕೆ ಬಂದರೂ 30 ಹರ್ಟ್ಸ್‌ಗೆ ನಿಲ್ಲುತ್ತದೆ, ಮೌಸ್ ಬಾಣ ಎಳೆದೆಳೆದು ಓಡುತ್ತದೆ. ಇದು ಮಾನಿಟರ್‌ನ ದೋಷವಲ್ಲ. 2013ರ ಎಚ್‌ಡಿಎಂಐ 2.0 ಇದನ್ನು 18 ಗಿಗಾಬಿಟ್‌ಗೆ ಏರಿಸಿ 60 ಹರ್ಟ್ಸ್ ಸಾಧ್ಯವಾಗಿಸಿತು. ಲ್ಯಾಪ್‌ಟಾಪ್ ಪರದೆಗೂ ಹೊರಗಿನ ಪರದೆಗೂ ಬೇರೆ ಬೇರೆ ಸ್ಕೇಲಿಂಗ್ ಇಡುವ ಅನುಕೂಲ ವಿಂಡೋಸ್ 8.1ರಲ್ಲಿ ಬಂತು. ಅದಕ್ಕೆ ಹೊಂದಿಕೊಳ್ಳದ ಹಳೆಯ ತಂತ್ರಾಂಶಗಳ ಕಿಟಕಿಯನ್ನು ವಿಂಡೋಸ್ ಚಿತ್ರದಂತೆ ಹಿಗ್ಗಿಸುತ್ತದೆ. ಅಕ್ಷರ ಮಸುಕಾಗುತ್ತದೆ, ಕನ್ನಡದ ಒತ್ತಕ್ಷರಗಳು ಓದಲು ಕಷ್ಟವಾಗುತ್ತವೆ.

ಈಗಿನ ಗೊಂದಲದ ತವರು ಯುಎಸ್‌ಬಿ-ಸಿ. 2014ರಲ್ಲಿ ಬಂದ ಈ ಪೋರ್ಟ್ ಡಿಸ್‌ಪ್ಲೇಪೋರ್ಟ್ ಸಂಕೇತವನ್ನೂ ಹೊರಬಲ್ಲದು, ಆದರೆ ಹೊರಲೇಬೇಕೆಂಬ ನಿಯಮವಿಲ್ಲ. ಒಂದೇ ಲ್ಯಾಪ್‌ಟಾಪಿನ ಎರಡು ಪೋರ್ಟ್‌ಗಳಲ್ಲಿ ಒಂದು ಚಿತ್ರ ಕೊಟ್ಟು ಇನ್ನೊಂದು ಕೊಡದಿರುವುದುಂಟು. ಫೋನ್ ಚಾರ್ಜರ್ ಜೊತೆ ಬಂದ ಕೇಬಲ್ ಎಷ್ಟೋ ಸಲ ವಿಡಿಯೋ ಒಯ್ಯುವುದಿಲ್ಲ. ಯಂತ್ರಗಳಿಗೂ ಮಿತಿಗಳಿವೆ: 2020ರ ಎಂ1 ಮ್ಯಾಕ್‌ಬುಕ್ ಏರ್ ನೇರವಾಗಿ ಒಂದೇ ಹೊರ ಪರದೆಯನ್ನು ನಡೆಸುತ್ತದೆ. ಇಂಥ ಕಡೆ ನೆರವಿಗೆ ಬರುವುದು ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ಹುಟ್ಟಿದ ಡಿಸ್‌ಪ್ಲೇಲಿಂಕ್ ತಂತ್ರಜ್ಞಾನ. ಅದು ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶವಾಗಿ ಕಳಿಸುತ್ತದೆ. ಅದರ ಡಾಕ್ ಕೆಲಸ ಮಾಡಲು ಡ್ರೈವರ್ ಬೇಕು.

ಪರದೆ ಬಾರದಿದ್ದಾಗ ಹುಡುಕಾಟ ತಂತಿಯ ತುದಿಯಿಂದಲೇ ಶುರುವಾಗಲಿ. ಮೊದಲು ಮಾನಿಟರ್‌ನ ಇನ್‌ಪುಟ್ ಆಯ್ಕೆ ನೋಡಬೇಕು, ಆಮೇಲೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಬೇಕು. ಅದಾದ ಮೇಲೆ ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ ಎಕ್ಸ್‌ಟೆಂಡ್ ಆಯ್ಕೆ, ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿ ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಎಬ್ಬಿಸುವುದು. ಡ್ರೈವರ್ ಬದಲಿಸುವುದು ಇವೆಲ್ಲ ಮುಗಿದ ಮೇಲಿನ ಮಾತು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಯುಎಸ್‌ಬಿ-ಸಿ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗದೆ, ಅದರಿಂದ ಚಿತ್ರ ಬರುತ್ತದೆಯೇ, ಎಷ್ಟು ಪರದೆಗಳಿಗೆ, ಎಷ್ಟು ಹರ್ಟ್ಸ್‌ನಲ್ಲಿ ಎಂದು ಅಂಗಡಿಯಲ್ಲೇ ಕೇಳಿ ತಿಳಿಯಬೇಕು.