ತಾನೇ ಮಾಡಿದ ಕೋವಿ: ರೆಮಿಂಗ್ಟನ್ ಐತಿಹ್ಯದಲ್ಲಿ ಭಾಗಗಳ ಆಯ್ಕೆ

ಕುಶಲಕರ್ಮಿಗಳನ್ನು ಕುರಿತ ಐತಿಹ್ಯಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆಶಯವೊಂದಿದೆ. ಯುವಕನೊಬ್ಬ ತನಗೆ ಬೇಕಾದ ವಸ್ತುವನ್ನು ಕೊಳ್ಳದೆ ತಾನೇ ನಿರ್ಮಿಸುತ್ತಾನೆ. ಅದು ಹತ್ತು ಜನರ ಎದುರು ಪರೀಕ್ಷೆಗೆ ಒಳಗಾಗುತ್ತದೆ. ಕಂಡವರೆಲ್ಲ ತಮಗೂ ಅಂಥದೇ ಬೇಕೆನ್ನುತ್ತಾರೆ. ಅಮೆರಿಕದ ಎಲಿಫಲೆಟ್ ರೆಮಿಂಗ್ಟನ್ (1793-1861) ಮಾಡಿದನೆನ್ನಲಾದ ಮೊದಲ ರೈಫಲಿನ ಕಥೆ ಈ ಆಶಯಕ್ಕೆ ಉತ್ತಮ ನಿದರ್ಶನ. 1816ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹರ್ಕಿಮರ್ ಪ್ರಾಂತದಲ್ಲಿದ್ದ ತಂದೆಯ ಕುಲುಮೆಯಲ್ಲಿ ಆತ ನಳಿಗೆಯೊಂದನ್ನು ಬಡಿದು ತಯಾರಿಸಿದ, ಯೂಟಿಕಾ ಪಟ್ಟಣದ ಕೋವಿಗಾರನಿಂದ ಅದನ್ನು ಪೂರ್ಣಗೊಳಿಸಿಕೊಂಡ, ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ ಎಂಬುದು ಪ್ರಚಲಿತ ಪಾಠ. ನಾಯಕ ಗೆಲ್ಲದೆ ಎರಡನೆಯವನಾಗುವುದು ಐತಿಹ್ಯಗಳಲ್ಲಿ ಅಪರೂಪ.

ಕಥೆಯ ಪಾಠಾಂತರಗಳು ಭಿನ್ನವಾಗುವುದು ಒಂದೇ ಪ್ರಶ್ನೆಯಲ್ಲಿ: ಕೋವಿಯ ಯಾವ ಭಾಗವನ್ನು ಆತ ಮಾಡಿದ, ಯಾವುದನ್ನು ಬೇರೆಯವರಿಂದ ಪಡೆದ? ಕೆಲವು ಪಾಠಗಳಲ್ಲಿ ಬಹುಪಾಲು ಕೋವಿ ಅವನದೇ ಕೈಕೆಲಸ; ಮತ್ತೆ ಕೆಲವುಗಳಲ್ಲಿ ನಳಿಗೆಯಷ್ಟೇ ಅವನದು. ‘ತಾನೇ ಮಾಡಿದ’ ಎಂಬ ಮಾತು ಹಿಗ್ಗುವುದೂ ಕುಗ್ಗುವುದೂ ಇಲ್ಲಿಯೇ. ಕೋವಿಯನ್ನು ಇಡಿಯ ವಸ್ತುವಾಗಿ ನೋಡದೆ ಅದರ ಭಾಗಗಳಾಗಿ ಬಿಡಿಸಿ ನೋಡಿದಾಗ ಕಿರಿದಾದ ಪಾಠವೇ ಹೆಚ್ಚು ಸಂಭವನೀಯವೆಂದು ತೋರುತ್ತದೆ.

ಅಂದಿನ ರೈಫಲಿಗೆ ಮೂರು ಮುಖ್ಯ ಅಂಗಗಳು: ಕಬ್ಬಿಣದ ನಳಿಗೆ, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ತಗುಲಿಸುವ ಲಾಕು, ಇವೆರಡನ್ನೂ ಹೊರುವ ಮರದ ಒಡಲು. ನಳಿಗೆಗೆ ಬೇಕಾದದ್ದು ಕುಲುಮೆ, ಸುತ್ತಿಗೆ ಮತ್ತು ತೋಳುಬಲ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸಲಾಕೆಯ ಸುತ್ತ ಮಡಿಸಿ ಬೆಸೆಯುವ ಈ ಕೆಲಸ ನುರಿತ ಕಮ್ಮಾರನಿಗೆ ಎಟುಕದ್ದಲ್ಲ. ಆದರೆ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳನ್ನು ಕೊರೆಯಲು ಪ್ರತ್ಯೇಕ ಸಾಧನ ಬೇಕು. ಗುಂಡು ತಿರುಗುತ್ತ ನೇರವಾಗಿ ಸಾಗುವುದು ಈ ಗೀರುಗಳಿಂದಲೇ. ರೆಮಿಂಗ್ಟನ್ ಯೂಟಿಕಾಕ್ಕೆ ಹೋಗಬೇಕಾದದ್ದು ಇದಕ್ಕಾಗಿ. ಲಾಕಿನ ಕೆಲಸವಂತೂ ಇನ್ನೂ ಸೂಕ್ಷ್ಮ. ಅದರ ಸ್ಪ್ರಿಂಗುಗಳಿಗೆ ಹದ ತಪ್ಪದಂತೆ ಪಾಕ ಕೊಡಬೇಕು. ಹೆಚ್ಚಾದರೆ ಮುರಿಯುತ್ತದೆ, ಕಡಿಮೆಯಾದರೆ ಬಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸವನ್ನು ಹಲವು ಕೈಗಳಿಗೆ ಹಂಚಿ ತಯಾರಿಸಿದ ಲಾಕುಗಳು ಹಡಗಿನಲ್ಲಿ ಬಂದು ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದಾಗ, ಕುಲುಮೆಯ ಹುಡುಗ ಅದನ್ನು ಮಾಡಲು ಕೂರುವುದು ವ್ಯರ್ಥ ಶ್ರಮವೇ ಸರಿ.

ಇದು ರೆಮಿಂಗ್ಟನ್ ಒಬ್ಬನ ಕೊರತೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕೋವಿಗಾರರು 18ನೆಯ ಶತಮಾನದಲ್ಲಿ ತಮ್ಮ ನಾಡಿನ ಗಿಡ್ಡ, ದಪ್ಪ ಬಾಯಿಯ ಬೇಟೆಕೋವಿಯನ್ನು ಒಂದು ಮೀಟರಿಗೂ ಉದ್ದದ, ಕಿರುಬಾಯಿಯ ರೈಫಲನ್ನಾಗಿ ಮಾರ್ಪಡಿಸಿದರು. ಅಮೆರಿಕದ ಜನಪದ ಕಲೆಯ ಶ್ರೇಷ್ಠ ಮಾದರಿಗಳೆಂದು ವಸ್ತುಸಂಗ್ರಹಾಲಯಗಳಲ್ಲಿ ಇಂದು ಮನ್ನಣೆ ಪಡೆದಿರುವ ಆ ರೈಫಲುಗಳ ಪೈಕಿ ಹಲವುಗಳ ಲಾಕಿನ ಮೇಲೆ ಬರ್ಮಿಂಗ್‌ಹ್ಯಾಮಿನ ಕೆಟ್‌ಲ್ಯಾಂಡ್ ಮನೆತನದ ಹೆಸರಿದೆ. ಆದರೂ ಅವು ಪೆನ್ಸಿಲ್ವೇನಿಯದ ಕೋವಿಗಳೇ. ಮೇಪಲ್ ಮರದ ಒಡಲಿನ ಬಾಗು, ಹಿತ್ತಾಳೆಯ ಮುಚ್ಚಳದ ಚಿತ್ತಾರ ಇವುಗಳಿಂದಲೇ ಬಲ್ಲವರು ತಯಾರಕನ ಸೀಮೆಯನ್ನು ಗುರುತಿಸುತ್ತಾರೆ. ನಮ್ಮ ಪಾಂಚಾಳ ಪರಂಪರೆಯಲ್ಲಿ ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿಗರಿಗೆ ಹಂಚಿಹೋಗಿರುವ ಕೆಲಸಗಳನ್ನು ಅಲ್ಲಿ ಒಂದೇ ಅಂಗಡಿ ವಹಿಸಿಕೊಂಡಿತ್ತು. ವಹಿಸಿಕೊಂಡದ್ದನ್ನೆಲ್ಲ ಸ್ವತಃ ಮಾಡಿತೆಂದು ಮಾತ್ರ ಭಾವಿಸಲಾಗದು.

ರೆಮಿಂಗ್ಟನ್ ಮನೆತನದ ಮುಂದಿನ ಇತಿಹಾಸವೂ ಕಿರಿದಾದ ಪಾಠವನ್ನೇ ಸಮರ್ಥಿಸುತ್ತದೆ. ಅವರ ಆರಂಭದ ವ್ಯಾಪಾರ ಇಡೀ ಕೋವಿಗಳದ್ದಲ್ಲ. ಅನ್ಯ ಕೋವಿಗಾರರು ಕೊಂಡೊಯ್ಯುವ ನಳಿಗೆಗಳದ್ದು. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡು ಸಾಗಣೆ ಸುಲಭವಾಯಿತು. 1828ರಲ್ಲಿ ಕೆಲಸ ಕಾಲುವೆಯ ಬದಿಗೆ, ಮುಂದೆ ಇಲಿಯನ್ ಎಂದು ಹೆಸರಾದ ಊರಿಗೆ ಸ್ಥಳಾಂತರಗೊಂಡಿತು. ಅಲ್ಲಿ ಬೆಳೆದ ಕಾರ್ಖಾನೆ 2024ರಲ್ಲಿ ಮುಚ್ಚಿತು. ಕಂಪನಿ ದೊಡ್ಡದಾದಂತೆ ಸಂಸ್ಥಾಪಕನ ಕೈಯೂ ಕಥೆಯಲ್ಲಿ ದೊಡ್ಡದಾಗಿರಬೇಕು.

20ನೆಯ ಶತಮಾನದಲ್ಲಿ ಹಳೆಯ ಮಾದರಿಯ ರೈಫಲುಗಳ ಪುನರುಜ್ಜೀವನ ನಡೆದಾಗ ಇದೇ ಪ್ರಶ್ನೆ ಮರಳಿ ಬಂದಿತು. 1933ರಲ್ಲಿ ಇಂಥ ಕೋವಿಗಳ ಆಸಕ್ತರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ವರ್ಜೀನಿಯದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ನಳಿಗೆ, ಲಾಕು, ಒಡಲು ಎಲ್ಲವನ್ನೂ ಹಳೆಯ ಸಾಧನಗಳಿಂದಲೇ ಮಾಡಿ ತೋರಿಸಿದ್ದು 1969ರ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಅದು ಅಮೂಲ್ಯ ಪ್ರಯೋಗ. ಆದರೆ ಅದನ್ನೇ ಪರಂಪರೆಯ ಅಳತೆಗೋಲಾಗಿಸಿದರೆ ಲ್ಯಾಂಕಾಸ್ಟರಿನ ಅನೇಕ ಕೋವಿಗಾರರು ಅದರಲ್ಲಿ ಉತ್ತೀರ್ಣರಾಗಲಾರರು. ಟೆನೆಸ್ಸಿಯ ಯೂನಿಯನ್ ಸಿಟಿಯಲ್ಲಿ 1954ರಲ್ಲಿ ಆರಂಭವಾದ ಡಿಕ್ಸಿ ಗನ್ ವರ್ಕ್ಸ್‌ನಂಥ ಅಂಗಡಿಗಳು ಬಿಡಿಭಾಗಗಳನ್ನು ಒದಗಿಸತೊಡಗಿದ ಮೇಲೆ, ಮನೆಯಲ್ಲಿ ಮೊದಲ ಬಾರಿಗೆ ರೈಫಲ್ ಕಟ್ಟುವವರು ನಳಿಗೆ ಮತ್ತು ಲಾಕನ್ನು ಕೊಂಡು ಮರದ ಒಡಲನ್ನು ತಾವೇ ಕೆತ್ತುವ ಕ್ರಮ ರೂಢಿಗೆ ಬಂದಿತು. ರೆಮಿಂಗ್ಟನ್ನನ ಆಯ್ಕೆಗೆ ಇದು ತದ್ವಿರುದ್ಧ. ಅವನ ಮನೆಯಲ್ಲಿ ಕುಲುಮೆಯಿತ್ತು. ಇವರ ಮನೆಗಳಲ್ಲಿದ್ದದ್ದು ಉಳಿ ಮತ್ತು ಅರ.